ಒಂಟಿ ಬ್ರೇಕು

ಅವನ ನಿಜವಾದ ಹೆಸರು ಸಂಬಳದ ದಿನ ಬಿಟ್ಟರೆ ಬೇರೆ ಯಾವತ್ತೂ ಬಳಕೆಗೆ ಬರುತ್ತಿರಲಿಲ್ಲ. ಲಿಫ್ಟ್ ಕಂಪನಿಯಲ್ಲಿ ಎಲ್ಲರಿಗೂ ಅವನು ತಾಳಣ್ಣ. ಯಾರು ಏನು ಕೇಳಿದರೂ ಮೊದಲು ‘ತಾಳು’ ಅನ್ನುವುದು ಅವನ ಅಭ್ಯಾಸ. ಬೋಲ್ಟು ಬಿಗಿಯಲಾ ಅಂದರೆ ತಾಳು, ಊಟಕ್ಕೆ ಹೋಗೋಣವಾ ಅಂದರೆ ತಾಳು. ಅವನ ಜೋಡಿಯಾಗಿ ಕೆಲಸ ಮಾಡುತ್ತಿದ್ದವನು ಅವನ ಭಾಮೈದ, ಹೆಂಡತಿಯ ಒಡಹುಟ್ಟಿದ ತಮ್ಮ. ಅವನೋ ಮಾತಿನ ಮಲ್ಲ. “ನಮ್ಮಕ್ಕ ಮದುವೆ ಆಗ್ತೀಯಾ ಅಂತ ಕೇಳಿದ್ದಕ್ಕೂ ತಾಳು ಅಂದಿದ್ದ ಕಣ್ರೀ ಈ ಮನುಷ್ಯ. ಅವಳು ಇವತ್ತಿಗೂ ತಾಳ್ಕೊಂಡೇ ಇದ್ದಾಳೆ,” ಎಂದು ಹೋದ ಹೋದ ಕಟ್ಟಡದಲ್ಲೆಲ್ಲ ಹೇಳುತ್ತಿದ್ದ. ತಾಳಣ್ಣ ನಗುತ್ತಿರಲಿಲ್ಲ, ಬೇಸರವನ್ನೂ ಮಾಡಿಕೊಳ್ಳುತ್ತಿರಲಿಲ್ಲ.

ಆ ಸಲ ಅವರಿಗೆ ಸಿಕ್ಕಿದ್ದು ಏಳು ಮಹಡಿಯ ಒಂದು ಹಳೆಯ ವಸತಿ ಕಟ್ಟಡ. ಲಿಫ್ಟಿನ ಬ್ರೇಕು ಸವೆದುಹೋಗಿ ಪೆಟ್ಟಿಗೆ ಮಹಡಿಯ ಮಟ್ಟಕ್ಕೆ ಸರಿಯಾಗಿ ನಿಲ್ಲುತ್ತಿರಲಿಲ್ಲ. ಒಮ್ಮೆ ಗೇಣು ಮೇಲೆ, ಒಮ್ಮೆ ಗೇಣು ಕೆಳಗೆ. ಹಳೆಯ ಬ್ರೇಕನ್ನು ಪೂರ್ತಿ ಕಿತ್ತು, ಮೋಟರಿನ ದಂಡಕ್ಕೆ ಅಯಸ್ಕಾಂತದ ಎರಡು ಡಿಸ್ಕ್ ಬ್ರೇಕು ಕೂರಿಸುವುದು ಕೆಲಸ. ಕರೆಂಟು ಬಂದರೆ ಬ್ರೇಕು ಹಿಡಿಯುತ್ತದೆ ಎಂದು ಜನ ತಿಳಿದಿರುತ್ತಾರೆ. ಇರುವುದು ಅದರ ತಿರುಗುಮುರುಗು. ಕರೆಂಟು ಬಂದಾಗ ತಂತಿ ಸುತ್ತಿದ ಕಾಯಿಲು ಅಯಸ್ಕಾಂತವಾಗಿ ಉಕ್ಕಿನ ತಟ್ಟೆಯನ್ನು ತನ್ನತ್ತ ಎಳೆದುಕೊಂಡು ಡಿಸ್ಕನ್ನು ತಿರುಗಲು ಬಿಡುತ್ತದೆ. ಕರೆಂಟು ಹೋದ ಗಳಿಗೆಯಲ್ಲಿ ಸ್ಪ್ರಿಂಗುಗಳು ಅದೇ ತಟ್ಟೆಯನ್ನು ಒತ್ತಿ ಡಿಸ್ಕನ್ನು ಕಚ್ಚಿ ಹಿಡಿಯುತ್ತವೆ. ತಟ್ಟೆಗೂ ಕಾಯಿಲಿಗೂ ನಡುವೆ ಇರಬೇಕಾದ ಸಂದು ಕೂದಲೆಳೆಯಷ್ಟು. ಹೆಚ್ಚಾದರೆ ಅಯಸ್ಕಾಂತ ಸೆಳೆಯುವುದಿಲ್ಲ. ಕಡಿಮೆಯಾದರೆ ಡಿಸ್ಕು ಉಜ್ಜಿ ಸುಟ್ಟುಹೋಗುತ್ತದೆ. ಎರಡು ಬ್ರೇಕು ಯಾಕೆಂದರೆ, ಒಂದು ಕೈಕೊಟ್ಟರೂ ಇನ್ನೊಂದು ಒಂಟಿಯಾಗಿಯೇ ಪೆಟ್ಟಿಗೆಯನ್ನು ಹಿಡಿದು ನಿಲ್ಲಿಸಬೇಕು.

ಕೆಲವೇ ದಿನದ ಕೆಲಸ ಎಂದು ಕಂಪನಿ ಮಾತು ಕೊಟ್ಟಿತ್ತು. ಆದರೆ ಹಳೆಯ ಬ್ರೇಕು ಬಿಚ್ಚಿದಾಗ ಗೇರ್‌ಬಾಕ್ಸಿನಿಂದ ಎಣ್ಣೆ ಜಿನುಗುವುದು ಕಂಡಿತು. ಒರೆಸಿ ಮುಂದಕ್ಕೆ ಹೋಗೋಣ, ಆಮೇಲೆ ನೋಡಿಕೊಂಡರಾಯಿತು ಎಂದ ಭಾಮೈದ. ತಾಳಣ್ಣ ಒಪ್ಪಲಿಲ್ಲ. “ಎಣ್ಣೆ ಕುಡಿದ ಡಿಸ್ಕು ಕುಡಿದ ಕಾವಲುಗಾರ ಇದ್ದ ಹಾಗೆ. ನಿಂತಿರೋ ಹಂಗೆ ಕಾಣ್ತಾನೆ, ನೆಚ್ಚೋಕಾಗಲ್ಲ,” ಎಂದು ಎಣ್ಣೆ ತಡೆಯುವ ಹೊಸ ಸೀಲು ಬರುವವರೆಗೂ ಮೆಷಿನ್ನನ್ನು ಹಾಗೇ ಬಿಚ್ಚಿಟ್ಟ. ಸೀಲು ಬರುವುದು ತಡವಾಯಿತು. ಕಟ್ಟಡದ ಜನ ಹತ್ತಿ ಇಳಿದು ಸುಸ್ತಾದರು. ಕಟ್ಟಡದ ಕಾರ್ಯದರ್ಶಿ ದಿನಾ ಮೇಲೆ ಬಂದು, ಏದುಸಿರು ಬಿಡುತ್ತ, ಇವತ್ತಾದರೂ ಆಗುತ್ತದಾ ಎಂದು ಕೇಳಿ ಹೋಗುತ್ತಿದ್ದರು.

ಬೈಯದೆ ಇದ್ದವನು ಏಳನೇ ಮಹಡಿಯ ಬೇಕರಿಯವನೊಬ್ಬನೇ. ಭಾರಿ ಆಳು, ನಲವತ್ತು ದಾಟಿದವನು. ಬೀದಿಯ ಮೂಲೆಯಲ್ಲಿ ಅವನ ಅಂಗಡಿ. ಬೆಳಗಿನ ಒಲೆ ಮುಗಿಸಿ ಮೆಟ್ಟಿಲು ಹತ್ತಿ ಮನೆಗೆ ಬರುವವನು, ಇನ್ನೂ ಒಂದು ಸುತ್ತು ಹತ್ತಿ ತಾರಸಿಯ ಮೆಷಿನ್ ರೂಮಿಗೂ ಬರುತ್ತಿದ್ದ. ಕೈಯಲ್ಲಿ ಕಾಗದದ ಪೊಟ್ಟಣ, ಒಳಗೆ ಇನ್ನೂ ಬಿಸಿಯಾಗಿರುವ ಬನ್ನು. ಬಾಗಿಲಿನ ಚೌಕಟ್ಟು ಹಿಡಿದು ಉಸಿರು ಹದಕ್ಕೆ ಬರುವವರೆಗೂ ನಿಂತು, “ನನ್ನ ತೂಕಕ್ಕೆ ಎರಡು ಬ್ರೇಕ್ ಸಾಕೇನ್ರೀ? ಇನ್ನೊಂದು ಸೇರಿಸಿ,” ಅನ್ನುತ್ತಿದ್ದ.

“ನೀವು ಒಬ್ರೇ ಹತ್ತಿದ್ರೆ ಸಾಕು. ಬನ್ನಿನ ಬುಟ್ಟಿ ಜೊತೆ ಹತ್ತಿದ್ರೆ ಮಾತ್ರ ಕಷ್ಟ,” ಎಂದು ಭಾಮೈದ ಅನ್ನುತ್ತಿದ್ದ.

ಬೇಕರಿಯವನ ಮುಖ ಬೂದಿಯ ಬಣ್ಣಕ್ಕೆ ತಿರುಗಿರುವುದನ್ನು ತಾಳಣ್ಣ ಒಂದು ಬೆಳಿಗ್ಗೆ ಗಮನಿಸಿದ. “ಇಷ್ಟು ಮೆಟ್ಟಿಲು ಹತ್ಬೇಡಿ. ಬನ್ನು ನಾವೇ ಬಂದು ತಗೋತೀವಿ,” ಎಂದ. ಬೇಕರಿಯವನು ನಕ್ಕು, “ಹತ್ತಿದ್ರೆ ಹೊಟ್ಟೆ ಕರಗುತ್ತಂತೆ. ನಿಮ್ಮ ದಯೆಯಿಂದ ಒಂದು ಅಂಗಿ ಆಗಲೇ ಸಡಿಲ ಆಗಿದೆ,” ಎಂದ. ಅವನ ಹೆಂಡತಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತಿದ್ದಳು. ಮಕ್ಕಳಿರಲಿಲ್ಲ. ಅವಳ ಹೊಲಿಗೆ ಮೆಷಿನ್ನಿನ ಸದ್ದು ಲಿಫ್ಟಿನ ಬಾವಿಯೊಳಗಿಂದ ಮೇಲಿನವರೆಗೂ ಕೇಳುತ್ತಿತ್ತು.

ಸೀಲು ಬಂದ ಮೇಲೆ ಮೆಷಿನ್ನು ಜೋಡಿಸಿ, ಮೊದಲ ಬ್ರೇಕನ್ನು ಕೂರಿಸಿದರು. ಪೆಟ್ಟಿಗೆಯನ್ನು ನಿಧಾನಕ್ಕೆ ಓಡಿಸಿ ನೋಡುವಾಗ ಡಿಸ್ಕಿನ ಅಂಚಿನಲ್ಲಿ ಎಣ್ಣೆಯ ಒಂದು ಎಳೆ ಕಂಡಿತು. ಒಳಗೆಲ್ಲೋ ಉಳಿದಿದ್ದ ಹಳೆಯ ಎಣ್ಣೆ. ತಾಳಣ್ಣ ಬಿಚ್ಚಿ ಒರೆಸಿ ಮತ್ತೆ ಹಾಕಿದ. ಆದರೂ ಡಿಸ್ಕಿನ ಮೈ ಎಷ್ಟು ಹೀರಿದೆಯೋ ಕಣ್ಣಿಗೆ ಕಾಣುವಂಥದ್ದಲ್ಲ. ಸಂದನ್ನು ಅಳತೆಗೆ ತಂದದ್ದೂ ಅರ್ಧ ಕೆಲಸವಷ್ಟೇ. ಎರಡನೇ ಬ್ರೇಕು ಇನ್ನೂ ಡಬ್ಬಿಯಲ್ಲೇ ಇತ್ತು. ಪೆಟ್ಟಿಗೆಯನ್ನು ಏಳನೇ ಮಹಡಿಯಲ್ಲಿ ನಿಲ್ಲಿಸಿ ಅವರು ಮನೆಗೆ ಹೋದರು.

ಮಾರನೆಯ ಬೆಳಿಗ್ಗೆ ಬನ್ನು ಬರಲಿಲ್ಲ. ಹೊಲಿಗೆ ಮೆಷಿನ್ನಿನ ಸದ್ದೂ ಇರಲಿಲ್ಲ. ತಾಳಣ್ಣ ತೆಳು ಉಕ್ಕಿನ ಪಟ್ಟಿಗಳನ್ನು ಒಂದೊಂದಾಗಿ ಸಂದಿನಲ್ಲಿ ತೂರಿಸಿ ಅಳೆಯುತ್ತಿದ್ದಾಗ ಬೇಕರಿಯವನ ಹೆಂಡತಿ ಬರಿಗಾಲಲ್ಲಿ ತಾರಸಿಗೆ ಓಡಿ ಬಂದಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು.

“ಇವರಿಗೆ ಎದೆ ನೋವು. ಬೆವರು ಹರೀತಿದೆ, ಮಾತಾಡೋಕಾಗ್ತಿಲ್ಲ. ಆಂಬುಲೆನ್ಸಿಗೆ ಹೇಳಿದೀನಿ, ಕೆಳಗೆ ಬರುತ್ತೆ. ಅಣ್ಣ, ಲಿಫ್ಟು ಹಾಕಿ.”

ಭಾಮೈದ ಆಗಲೇ ಎದ್ದು ನಿಂತಿದ್ದ. ತಾಳಣ್ಣ ಪಟ್ಟಿಗಳನ್ನು ನೆಲಕ್ಕಿಟ್ಟ.

“ಲಿಫ್ಟು ಆಗಲ್ಲಮ್ಮ. ಬ್ರೇಕು ಇನ್ನೂ ಮುಗಿದಿಲ್ಲ. ನಡೀರಿ, ನಾವು ಎತ್ಕೊಂಡು ಇಳೀತೀವಿ.”

“ನಮ್ಮ ಬಾಗಿಲ ಮುಂದೇನೇ ನಿಂತಿದೆ ಅಣ್ಣ. ನಿನ್ನೆ ಓಡಾಡ್ತಿತ್ತು, ನಾನೇ ಸದ್ದು ಕೇಳಿದೀನಿ. ಒಂದೇ ಒಂದು ಸಲ. ನಿಮ್ಮ ಕಾಲಿಗೆ ಬೀಳ್ತೀನಿ.”

“ಭಾವ,” ಎಂದು ಭಾಮೈದ ಹತ್ತಿರ ಬಂದ. “ಅವರು, ಈ ಅಕ್ಕ, ನಾನು, ಇನ್ನೊಬ್ಬರು ಯಾರಾದ್ರೂ. ನಾವು ಹತ್ತಿದ್ರೆ ಈ ಕಡೆ ತೂಕ, ಆ ಕಡೆ ತೂಕ ಸರಿಸಮ. ಬ್ರೇಕೇ ಇಲ್ದಿದ್ರೂ ಅಲ್ಲಾಡಲ್ಲ. ನಿನಗೆ ನಾನು ಹೇಳಿಕೊಡಬೇಕಾ?”

“ಹತ್ತಿದ ಮೇಲೆ ಸಮ. ಹತ್ತಿಸೋವಾಗ?”

ಪೆಟ್ಟಿಗೆ ಖಾಲಿ ಇದ್ದಾಗ ಇನ್ನೊಂದು ತುದಿಗೆ ಕಟ್ಟಿದ ಕಬ್ಬಿಣದ ತೂಕವೇ ಹೆಚ್ಚು. ಬ್ರೇಕು ಜಾರಿದರೆ ಖಾಲಿ ಪೆಟ್ಟಿಗೆ ಕೆಳಗೆ ಬೀಳುವುದಿಲ್ಲ, ಮೇಲಕ್ಕೆ ಹಾರುತ್ತದೆ. ನಡೆಯಲಾಗದ ಭಾರಿ ಮನುಷ್ಯನನ್ನು ಅರ್ಧ ಒಳಗೆ ಅರ್ಧ ಹೊರಗೆ ಹಿಡಿದಿರುವಾಗ ಹಾಗಾದರೆ ಏನಾಗುತ್ತದೆ ಎನ್ನುವುದನ್ನು ತಾಳಣ್ಣ ಕಣ್ಣಾರೆ ಕಂಡಿದ್ದ. ಬಹಳ ಹಿಂದೆ, ಬೇರೊಂದು ಕಂಪನಿಯವರು ನೋಡಿಕೊಳ್ಳುತ್ತಿದ್ದ ಲಿಫ್ಟಿನ ಹೊಸ್ತಿಲಲ್ಲಿ ಹೆಂಗಸೊಬ್ಬಳು ಸಿಕ್ಕಿಹಾಕಿಕೊಂಡಿದ್ದಳು. ಅವಳನ್ನು ಬಿಡಿಸಲು ಹೋದವರಲ್ಲಿ ಅವನೂ ಒಬ್ಬ. ಬಿಡಿಸಿದಾಗ ಅವಳು ಬದುಕಿರಲಿಲ್ಲ.

“ಹತ್ತಿಸೋವಾಗ ನಾನು ಇಲ್ಲಿ ಮೋಟರಿನ ಕೈಚಕ್ರ ಹಿಡ್ಕೊಂಡಿರ್ತೀನಿ,” ಎಂದ ಭಾಮೈದ.

“ಅದು ತಿರುಗೋಕೆ ಶುರುವಾದ್ರೆ ನಿನ್ನ ಕೈ ಮುರಿಯುತ್ತೆ, ಕೆಳಗೆ ಅವರ ಸೊಂಟ ಮುರಿಯುತ್ತೆ. ಸರಪಳಿ ಹಾಕಿ ಕಟ್ಟಿ, ಹತ್ತಿಸಿ, ಮತ್ತೆ ಬಿಚ್ಚೋ ಹೊತ್ತಿಗೆ ಮೆಟ್ಟಿಲು ಇಳಿದು ಮುಗಿದಿರುತ್ತೆ. ಮಾತು ಬೇಡ, ನಡಿ.”

ಭಾಮೈದ ನಡೆಯಲಿಲ್ಲ. ಅವನ ಕಣ್ಣು ಗೋಡೆಯ ಮೇಲಿನ ಸ್ವಿಚ್ಚಿನ ಕಡೆ ಹೊರಳಿದ್ದನ್ನು ತಾಳಣ್ಣ ನೋಡಿದ. ಎರಡು ಹೆಜ್ಜೆಯಲ್ಲಿ ಅಲ್ಲಿಗೆ ಹೋಗಿ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡ. ಹೆಂಗಸು ಅದನ್ನು ನೋಡಿದಳು. ಫ್ಯೂಸು ಅಂದರೆ ಏನೆಂದು ಅವಳಿಗೆ ತಿಳಿದಿತ್ತೋ ಇಲ್ಲವೋ, ಅವನು ಏನು ಮಾಡಿದ ಎನ್ನುವುದು ತಿಳಿಯಿತು. ಮತ್ತೆ ಬೇಡಲಿಲ್ಲ. ತಿರುಗಿ ಮೆಟ್ಟಿಲಿಳಿದಳು.

ಬೇಕರಿಯವನು ಅಡುಗೆಮನೆಯ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ಒಂದು ಕುರ್ಚಿ ತಂದು, ಅವನನ್ನು ಎತ್ತಿ ಕೂರಿಸಿ, ಹೊದಿಕೆಯಿಂದ ಎದೆಯ ಸುತ್ತ ಕಟ್ಟಿದರು. ತಾಳಣ್ಣ ಹಿಂದೆ, ಭಾಮೈದ ಮುಂದೆ. ಆರನೇ ಮಹಡಿಯಲ್ಲಿ ವಾಸವಿದ್ದ ಪೋಸ್ಟ್‌ಮನ್ ಒಬ್ಬ ಸದ್ದು ಕೇಳಿ ಬಂದು ಒಂದು ಬದಿ ಹಿಡಿದ. ಮೆಟ್ಟಿಲು ಕಿರಿದು, ತಿರುವು ಇಕ್ಕಟ್ಟು. ಪ್ರತಿ ತಿರುವಿನಲ್ಲೂ ಕುರ್ಚಿಯನ್ನು ಎದೆಯೆತ್ತರಕ್ಕೆ ಎತ್ತಿ, ಮೆಟ್ಟಿಲಿನ ಕಂಬಿಯ ಮೇಲಿಂದ ಹಾಯಿಸಬೇಕಿತ್ತು. ಬೇಕರಿಯವನ ತಲೆ ತಾಳಣ್ಣನ ಗಲ್ಲಕ್ಕೆ ತಗಲುತ್ತಿತ್ತು. ಕೂದಲಿನಲ್ಲಿ ಹಿಟ್ಟಿನ ವಾಸನೆ.

“ಬನ್ನು ತಿಂದಿದ್ದಕ್ಕೆ...” ಎಂದು ಏನೋ ಹೇಳಲು ಹೊರಟ ಬೇಕರಿಯವನು.

“ಮಾತಾಡ್ಬೇಡಿ ಅಣ್ಣ. ಕೆಳಗೆ ಹೋದ್ಮೇಲೆ ಬೈಯೋರಂತೆ,” ಎಂದ ಭಾಮೈದ.

ಹೆಂಡತಿ ಪಕ್ಕದಲ್ಲಿ ಗೋಡೆ ಸವರಿಕೊಂಡು ಇಳಿಯುತ್ತಿದ್ದಳು. ಗಂಡನ ಕಾಲಿಂದ ಬಿದ್ದ ಒಂದು ಚಪ್ಪಲಿ ಅವಳ ಕೈಯಲ್ಲಿತ್ತು. ನಾಲ್ಕನೇ ಮಹಡಿ ದಾಟುವಾಗ ಅವನ ಕೈ ಅವಳಿಗಾಗಿ ತಡಕಾಡಿತು. ಅವಳು ಹಿಡಿದುಕೊಂಡಳು. ಮುಂದಿನ ತಿರುವಿನಲ್ಲಿ ಜಾಗ ಸಾಲದೆ ಬಿಡಬೇಕಾಯಿತು. ತಿರುವು ದಾಟಿ ಮತ್ತೆ ಹಿಡಿಯಲು ಹೋದಾಗ ಆ ಕೈ ಹಿಡಿಯಲಿಲ್ಲ. ಕುರ್ಚಿ ಒಮ್ಮೆಲೇ ಇಮ್ಮಡಿ ಭಾರವಾದಂತೆ ತಾಳಣ್ಣನಿಗೆ ಅನ್ನಿಸಿತು. ಮೂರನೇ ಮಹಡಿಯ ಬಾಗಿಲುಗಳ ನಡುವಿನ ಚಿಕ್ಕ ಜಾಗದಲ್ಲಿ ಇಳಿಸಿ, ಮಲಗಿಸಿ, ಎದೆ ಒತ್ತಿದರು. ಒಬ್ಬ ದಣಿದರೆ ಇನ್ನೊಬ್ಬ ಒತ್ತಿದ. ಆಂಬುಲೆನ್ಸಿನವರು ಮೇಲೆ ಓಡಿ ಬಂದು ಅವರೂ ಒತ್ತಿದರು. ಆಮೇಲೆ ಅವರಲ್ಲಿ ಹಿರಿಯವನು ಕೈಚೀಲದ ಜಿಪ್ಪು ಎಳೆದು, “ನಾವು ಬರೋ ಮೊದಲೇ ಹೋಗಿದ್ದಾರೆ,” ಎಂದ. ಅವಳು ಚಪ್ಪಲಿಯನ್ನು ಗಂಡನ ಕಾಲಿಗೆ ತೊಡಿಸಲು ನೋಡಿದಳು. ಅದು ಸೇರಲಿಲ್ಲ.

ಹೂಳುವ ಕೆಲಸ ಮುಗಿಯುವವರೆಗೆ ಮೆಷಿನ್ ರೂಮು ಮುಚ್ಚಿತ್ತು. ಭಾಮೈದ ಮಣ್ಣಿಗೆ ಹೋಗಿ ಬಂದ, ತಾಳಣ್ಣ ಹೋಗಲಿಲ್ಲ. ಹೋಗಬೇಕೆಂದು ಅಂಗಿ ಹಾಕಿಕೊಂಡವನು ಬಾಗಿಲ ಬಳಿ ಕೂತುಬಿಟ್ಟ. ಹೆಂಡತಿ ಅವನ ಪಕ್ಕ ಬಂದು ಕೂತಳು. “ನೀನು ಬೇಕಂತ ಮಾಡಿದ್ದಲ್ಲ,” ಎಂದಳು. ಅವನು, “ಬೇಕಂತಲೇ ಮಾಡಿದ್ದು ಕಣೆ. ಅದೇ ತೊಂದರೆ,” ಎಂದ.

ಮತ್ತೆ ಕೆಲಸಕ್ಕೆ ಹೋದ ದಿನ ಅವನು ಎರಡನೇ ಬ್ರೇಕಿನ ಡಬ್ಬಿ ತೆರೆಯಲಿಲ್ಲ. ಭಾರ ಪರೀಕ್ಷೆಗೆ ತಂದಿದ್ದ ಎರಕದ ಕಬ್ಬಿಣದ ಗಟ್ಟಿಗಳನ್ನು ಏಳನೇ ಮಹಡಿಗೆ ಹೊರತೊಡಗಿದ. ಭಾಮೈದನಿಗೆ ಅರ್ಥವಾಯಿತು.

“ಬೇಡ ಭಾವ. ಬಿಚ್ಚಿ ಹೊಸ ಡಿಸ್ಕ್ ಹಾಕು. ಅದು ಹೆಂಗಿತ್ತು ಅಂತ ನೋಡಬೇಡ.”

“ನೋಡ್ಬೇಕು.”

“ಜಾರಿದ್ರೆ ಸರಿ. ಜಾರದಿದ್ರೆ?”

ತಾಳಣ್ಣ ಇನ್ನೊಂದು ಗಟ್ಟಿ ಹೊತ್ತು ತಂದ. ಆ ದಿನ ಇದ್ದ ಹಾಗೆಯೇ, ಅದೇ ಅರ್ಧ ಅಳತೆಯ ಸಂದು, ಎಣ್ಣೆ ಸೋಕಿದ ಅದೇ ಡಿಸ್ಕು. ಮೊದಲು ಖಾಲಿ ಪೆಟ್ಟಿಗೆ, ಬಾಗಿಲು ತೆರೆದು ನಿಲ್ಲಿಸಿದ. ಅಲುಗಲಿಲ್ಲ. ಗಟ್ಟಿಗಳನ್ನು ಹೊಸ್ತಿಲ ಮೇಲಿಂದ ಒಂದೊಂದಾಗಿ, ಬೇಕೆಂದೇ ಎತ್ತಿ ಹಾಕಿದ. ಅಲುಗಲಿಲ್ಲ. ಓಡಿಸಿ, ಅರ್ಧದಾರಿಯಲ್ಲಿ ಕರೆಂಟು ಕಿತ್ತ. ಬ್ರೇಕು ಟಪ್ಪೆಂದು ಕಚ್ಚಿತು, ಹಗ್ಗಗಳು ಒಮ್ಮೆ ನಡುಗಿ ನಿಂತವು. ಮತ್ತೆ ಮಾಡಿದ, ಮತ್ತೆ ಮಾಡಿದ. ಕೈಚಕ್ರಕ್ಕೆ ಉದ್ದನೆಯ ಪೈಪು ಸಿಕ್ಕಿಸಿ ಮೈಭಾರವೆಲ್ಲ ಹಾಕಿ ಎಳೆದ. ಒಂಟಿ ಬ್ರೇಕು ಹಿಡಿದದ್ದು ಹಿಡಿದೇ ಇತ್ತು. ಕೊನೆಗೆ ಅವನು ಪೈಪು ಬಿಟ್ಟು, ಮೆಷಿನ್ನಿನ ಅಡಿಗಟ್ಟಿನ ಮೇಲೆ ಕೂತು, ಎರಡೂ ಅಂಗೈಗಳನ್ನು ಮಂಡಿಯ ಮೇಲೆ ಒರೆಸಿಕೊಳ್ಳುತ್ತ ಹೋದ. ಒರೆಸಲು ಏನೂ ಇರಲಿಲ್ಲ.

“ಇವತ್ತು ಹಿಡೀತು,” ಎಂದ ಭಾಮೈದ. “ಅವತ್ತು ಹಿಡೀತಿತ್ತು ಅಂತ ಏನು ಗ್ಯಾರಂಟಿ?”

“ಅವತ್ತೂ ಹಿಡೀತಿತ್ತು.”

“ಸರಿ. ಅದು ಈ ನಾಲ್ಕು ಗೋಡೆ ಒಳಗೇ ಇರಲಿ. ನಾನು ಬೇಕರಿ ಅಕ್ಕನಿಗೆ ಹೇಳಿ ಬಂದಿದೀನಿ. ಅವತ್ತು ಲಿಫ್ಟು ಹಾಕಿದ್ರೆ ಎಲ್ಲರೂ ಸಾಯ್ತಿದ್ವಿ, ನಮ್ಮ ಭಾವನಿಂದ ನೀವು ಉಳಿದ್ರಿ ಅಂತ. ಅವಳು ತಲೆ ಆಡಿಸಿದಳು.”

“ನಿನಗ್ಯಾರು ಹೇಳು ಅಂದ್ರು?”

“ಯಾರೂ ಹೇಳ್ಲಿಲ್ಲ. ನೀನು ನಾಳೆ ಆ ಬಾಗಿಲ ಮುಂದೆ ಓಡಾಡಬೇಕಲ್ಲ, ಅದಕ್ಕೆ ಹೇಳ್ದೆ.”

ಡಿಸ್ಕು ಬದಲಾಯಿತು. ಎರಡನೇ ಬ್ರೇಕು ಕೂತಿತು. ತಾಳಣ್ಣ ಸಂದುಗಳನ್ನು ಸುತ್ತಲೂ ಒಂದೇ ಅಳತೆಗೆ ತಂದು, ಒಂದೊಂದೇ ಬ್ರೇಕಿನಲ್ಲಿ ನಿಲ್ಲಿಸಿ ನೋಡಿ, ಲಿಫ್ಟನ್ನು ಜನರಿಗೆ ಬಿಟ್ಟ. ಕಾರ್ಯದರ್ಶಿ ಬಂದು ಕೈ ಕುಲುಕಿದರು. ಬೇಕರಿಯವನ ಮಾತು ಅವರೂ ಎತ್ತಲಿಲ್ಲ. ಸಾಮಾನು ಕಟ್ಟಿಕೊಂಡು ಇಬ್ಬರೂ ಇಳಿಯುವಾಗ ಏಳನೇ ಮಹಡಿಯ ಬಾಗಿಲು ತೆರೆಯಿತು.

“ಒಳಗೆ ಬನ್ನಿ. ಒಂದು ಮಾತು ಕೇಳೋದಿದೆ,” ಎಂದಳು ಅವಳು.

ಹೊಲಿಗೆ ಮೆಷಿನ್ನಿನ ಮೇಲೆ ಬಟ್ಟೆ ಮುಚ್ಚಿತ್ತು. ಆ ಕುರ್ಚಿಯನ್ನು ಯಾರೋ ಮೇಲಕ್ಕೆ ತಂದು ಊಟದ ಮೇಜಿಗೆ ಸೇರಿಸಿಟ್ಟಿದ್ದರು. ತಾಳಣ್ಣ ನಿಂತೇ ಇದ್ದ. ಭಾಮೈದ ಅವನ ಹಿಂದೆ, ಬಾಗಿಲ ಹತ್ತಿರ.

“ನಿಮ್ಮ ಭಾಮೈದ ಹೇಳಿದ್ರು, ಅವತ್ತು ಲಿಫ್ಟು ಹತ್ತಿದ್ರೆ ನಾನೂ ಇರ್ತಿರಲಿಲ್ಲ ಅಂತ. ನಿಜಾನಾ? ಅವರ ಬಾಯಿಂದ ಕೇಳಿದೀನಿ. ನಿಮ್ಮ ಬಾಯಿಂದ ಕೇಳಬೇಕು.”

ಭಾಮೈದ ಸಣ್ಣಗೆ ಕೆಮ್ಮಿದ. ತಾಳಣ್ಣ ನೆಲ ನೋಡಿದ.

“ಇಲ್ಲ. ಬ್ರೇಕು ಹಿಡೀತಿತ್ತು. ಆಮೇಲೆ ಭಾರ ಹಾಕಿ ನೋಡ್ದೆ. ಅವತ್ತು ನನಗೆ ಗೊತ್ತಿರಲಿಲ್ಲ.”

“ಹಂಗಾದ್ರೆ ಲಿಫ್ಟಲ್ಲಿ ಇಳಿಸಬಹುದಿತ್ತು.”

“ಇಳಿಸಬಹುದಿತ್ತು.”

“ಬದುಕ್ತಿದ್ರಾ?”

“ಅದು ನನಗೆ ಗೊತ್ತಿಲ್ಲ.”

ಅವಳು ಮೇಜಿನ ಮೇಲಿದ್ದ ಒಂದು ನೂಲಿನ ಎಳೆಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

“ಇದನ್ನ ಯಾಕೆ ಹೇಳಿದ್ರಿ?”

“ಕೇಳಿದ್ರಲ್ಲ.”

“ಅವರು ಹೇಳಿದ್ದನ್ನ ನೆಚ್ಚಿಕೊಂಡು ನಾನು ಒಂದಿಷ್ಟು ನಿದ್ದೆ ಮಾಡ್ತಿದ್ದೆ,” ಎಂದಳು. ದನಿ ಏರಿಸಲಿಲ್ಲ. “ಹೋಗಿ.”

ಬೀದಿಗೆ ಬಂದ ಮೇಲೆ ಭಾಮೈದ ಸಾಮಾನಿನ ಪೆಟ್ಟಿಗೆಯನ್ನು ನೆಲಕ್ಕೆ ಕುಕ್ಕಿದ. “ನಿಜ ಹೇಳಿ ಯಾರನ್ನ ಉದ್ಧಾರ ಮಾಡ್ದೆ ಭಾವ? ನಿನ್ನ ಎದೆ ಮೇಲಿನ ಕಲ್ಲು ಇಳಿಸಿ ಅವಳ ಎದೆ ಮೇಲಿಟ್ಟು ಬಂದೆ, ಅಷ್ಟೇ.”

“ಇಳೀಲಿಲ್ಲ,” ಎಂದ ತಾಳಣ್ಣ.

ಆ ತಿಂಗಳೇ ಭಾಮೈದ ಬೇರೆ ಜೋಡಿ ಕೇಳಿಕೊಂಡು ಇನ್ನೊಂದು ತಂಡ ಸೇರಿದ. ಮನೆಗೆ ಬರುವುದನ್ನು ಬಿಡಲಿಲ್ಲ, ಆದರೆ ಬಂದಾಗ ಅಕ್ಕನೊಂದಿಗೆ ಮಾತಾಡಿ ಹೋಗುತ್ತಿದ್ದ. ತಾಳಣ್ಣನ ಬಗ್ಗೆ ತಮಾಷೆ ಮಾಡುವುದನ್ನು ನಿಲ್ಲಿಸಿದ. ತಾಳಣ್ಣನ ಹೆಂಡತಿಗೆ ಎಲ್ಲಕ್ಕಿಂತ ನೋವು ತಂದದ್ದು ಅದು. ಒಂದು ದಿನ ಪಾತ್ರೆ ತೊಳೆಯುತ್ತ, ಗಂಡನ ಕಡೆ ತಿರುಗದೆ ಕೇಳಿದಳು: “ಅವನು ಸುಳ್ಳು ಹೇಳಿದ್ದು ನಿನಗೋಸ್ಕರ. ಅದನ್ನಾದ್ರೂ ಉಳಿಸ್ಕೋಬಹುದಿತ್ತಲ್ಲ?”

ಆ ಕಟ್ಟಡದ ತಿಂಗಳ ತಪಾಸಣೆ ಅವನ ಪಾಲಿಗಿತ್ತು. ಬೇಕಾದರೆ ಬೇರೆಯವರನ್ನು ಕಳಿಸುತ್ತೇವೆ ಎಂದರು ಕಂಪನಿಯವರು. ಬೇಡ ಎಂದ. ಹೋದಾಗಲೆಲ್ಲ ಅವಳು ಮೆಟ್ಟಿಲಲ್ಲೇ ಹತ್ತಿ ಇಳಿಯುವುದನ್ನು ನೋಡುತ್ತಿದ್ದ. ಕೈಯಲ್ಲಿ ಬಟ್ಟೆಯ ಗಂಟು, ಒಂದೊಂದು ಮಹಡಿಗೂ ಗಂಟು ಇಳಿಸಿ ಕೈ ಬದಲಿಸುವಳು. ಅವನನ್ನು ಕಂಡರೆ ಮುಖ ತಿರುಗಿಸುತ್ತಿರಲಿಲ್ಲ, ಗೋಡೆಯನ್ನು ದಾಟುವಂತೆ ದಾಟಿ ಹೋಗುತ್ತಿದ್ದಳು. ಮೂಲೆಯ ಅಂಗಡಿಯಲ್ಲಿ ಬೇರೆ ಯಾರೋ ಮೊಬೈಲ್ ರಿಪೇರಿ ಶುರು ಮಾಡಿದ್ದರು.

ಚಳಿ ಶುರುವಾದಾಗ ಒಮ್ಮೆ ತಪಾಸಣೆಗೆ ಹೋದರೆ ಅವಳ ಬಾಗಿಲು ತೆರೆದಿತ್ತು. ಮನೆ ಖಾಲಿಯಾಗಿತ್ತು. ತಂಗಿಯ ಮನೆಗೆ ಹೋಗುತ್ತಿದ್ದಳಂತೆ. ಉಳಿದ ಸಾಮಾನೆಲ್ಲ ಆಗಲೇ ಇಳಿದಿತ್ತು. ಹೊರಲು ಬಂದಿದ್ದ ಆಳು ಕೆಳಗೆ ಗಾಡಿಗೆ ಸಾಮಾನು ಕಟ್ಟುತ್ತಿದ್ದ. ಮೇಲೆ ಬಾಕಿ ಇದ್ದದ್ದು ಹೊಲಿಗೆ ಮೆಷಿನ್ನು, ಅದರ ಎರಕದ ಕಾಲುಗಳು. ಅವಳು ಒಂದು ತುದಿ ಎತ್ತಲು ನೋಡಿ ಬಿಟ್ಟಳು. ಆಗ ತಾಳಣ್ಣ ಕಣ್ಣಿಗೆ ಬಿದ್ದ.

“ಅಂಥದ್ದೇ ಇನ್ನೊಂದು ಸಲ ಬಂದ್ರೆ ಏನು ಮಾಡ್ತೀರಿ?” ಎಂದು ಕೇಳಿದಳು. ಎಷ್ಟೋ ದಿನದಿಂದ ಬಾಯಲ್ಲಿ ಇಟ್ಟುಕೊಂಡಿದ್ದ ಮಾತಿನಂತಿತ್ತು.

ಅವನು ಯೋಚಿಸಿದ. “ಅದನ್ನೇ ಮಾಡ್ತೀನಿ.”

“ನಿಮ್ಮನ್ನ ಕಂಡ್ರೆ ನನಗೆ ಆಗಲ್ಲ.”

“ಗೊತ್ತು.”

“ಆ ಕಡೆ ಹಿಡ್ಕೊಳ್ಳಿ.”

ಅವನು ಕಾಲುಗಳ ಕಡೆ ಹಿಡಿದ. ಅವಳು ಮೆಟ್ಟಿಲಿನತ್ತ ಹೆಜ್ಜೆ ಹಾಕಿದವಳು, ಭಾರಕ್ಕೆ ಮಣಿಕಟ್ಟು ಸೋತು ನಿಂತಳು. ಆಮೇಲೆ ಭುಜದಿಂದಲೇ ಲಿಫ್ಟಿನ ಬಾಗಿಲು ತಳ್ಳಿದಳು. ಇಳಿಯುವಷ್ಟು ಹೊತ್ತೂ ಇಬ್ಬರ ನಡುವೆ ಆ ಮೆಷಿನ್ನು ಇತ್ತು. ಅವಳು ಅದರ ಚಕ್ರದ ಮೇಲೆ ಕೈಯಿಟ್ಟು ಬಾಗಿಲನ್ನೇ ನೋಡುತ್ತಿದ್ದಳು. ಪೆಟ್ಟಿಗೆ ನೆಲಮಹಡಿಯ ಮಟ್ಟಕ್ಕೆ ಸರಿಯಾಗಿ ನಿಂತಿತು. ಗಾಡಿಗೆ ಏರಿಸಿ, ಹಗ್ಗ ಬಿಗಿದ ಮೇಲೆ ಅವಳು ಗಾಡಿಯವನ ಪಕ್ಕ ಹತ್ತಿ ಕೂತಳು, ಮಡಿಲಲ್ಲಿ ದಾರದ ಉಂಡೆಗಳ ಡಬ್ಬಿ. ಗಾಡಿ ಮೂಲೆ ತಿರುಗಿತು. ತಾಳಣ್ಣ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ತಾರಸಿಯಲ್ಲಿ ಬಿಟ್ಟು ಬಂದಿದ್ದ ಕೆಲಸಕ್ಕೆ ಮೆಟ್ಟಿಲು ಹತ್ತತೊಡಗಿದ.